72 ಮೇಳ ಬಾಯಿಗೆ ಬಂತು, ‘ಸ’ ಬರಲಿಲ್ಲ

ನನ್ನ ಹತ್ತಿರ ಕರ್ನಾಟಕ ಸಂಗೀತದ ಪಾಠಕ್ಕೆ ಸೇರುವ ಮುಂಚೆ ಫೋನ್ ಮಾಡುವ ದೊಡ್ಡವರು ಒಂದು ಪ್ರಶ್ನೆ ತಪ್ಪಿಸುವುದಿಲ್ಲ. ‘ಮೇಡಂ, ಮೊದಲು ಥಿಯರಿ ಓದ್ಕೊಂಡು ಬರ್ಲಾ?’ ಬೇಡ ಅನ್ನುತ್ತೇನೆ. ಓದಿಕೊಂಡೇ ಬರುತ್ತಾರೆ.

ಕಳೆದ ವರ್ಷ ಸೇರಿದ ಒಬ್ಬರಂತೂ ಮೇಳಕರ್ತ ಚಾರ್ಟನ್ನು, ಅಂದರೆ 72 ಮೂಲ ರಾಗಗಳ ಪಟ್ಟಿಯನ್ನು, ಲ್ಯಾಮಿನೇಟ್ ಮಾಡಿಸಿಕೊಂಡು ಬಂದಿದ್ದರು. ‘ಮಾಯಾಮಾಳವಗೌಳ. ಮ ಅಂದ್ರೆ 5, ಯ ಅಂದ್ರೆ 1, ತಿರುಗಿಸಿದ್ರೆ 15ನೇ ಮೇಳ.’ ರಾಗದ ಹೆಸರಿನ ಮೊದಲ ಎರಡು ಅಕ್ಷರದಿಂದ ಮೇಳದ ಸಂಖ್ಯೆ ಹುಡುಕುವ ಈ ಕಟಪಯಾದಿ ಲೆಕ್ಕ ಸರಿಯಾಗೇ ಇತ್ತು. ಮೊಬೈಲಿನಲ್ಲಿ ತಂಬೂರಿ ಹಾಕಿ ‘ಸ ಹಿಡೀರಿ’ ಅಂದೆ. ಶ್ರುತಿ ಒಂದು ಕಡೆ, ಅವರು ಇನ್ನೊಂದು ಕಡೆ. ಜಾರುತ್ತಿರುವುದು ಅವರಿಗೆ ಕೇಳಿಸುತ್ತಲೂ ಇರಲಿಲ್ಲ.

ನಮ್ಮ ಪಕ್ಕದ ಮನೆ ಅಜ್ಜಿಗೆ ಒಂದು ರಾಗದ ಹೆಸರೂ ಗೊತ್ತಿಲ್ಲ. ಆದರೆ ನನ್ನ ಮಕ್ಕಳು ಅಪಸ್ವರ ಹಾಡಿದರೆ ಅಡುಗೆಮನೆ ಕಿಟಕಿಯಿಂದಲೇ ‘ಎಲ್ಲೋ ಜಾರ್ತು ನೋಡು’ ಅನ್ನುತ್ತಾರೆ.

ಮೊಟ್ಟಮೊದಲ ಸ್ವರಾಭ್ಯಾಸವಾದ ಸರಳೆ ವರಸೆಯನ್ನು ಮಾಯಾಮಾಳವಗೌಳದಲ್ಲಿ ಶುರು ಮಾಡುವ ಕ್ರಮ ಪುರಂದರದಾಸರದು ಅನ್ನುತ್ತಾರೆ. ಇದರಲ್ಲಿ ಸ-ಗೆ ಅಂಟಿಕೊಂಡೇ ರಿ ಇದೆ. ಅಲ್ಲಿಂದ ಗ-ಗೆ ಹಾರಬೇಕು. ಗ, ಮ ಮತ್ತೆ ಅಕ್ಕಪಕ್ಕ. ಕೀಬೋರ್ಡಿನಲ್ಲಿ ನೋಡಿದರೆ ರಿ ಸ-ದ ಪಕ್ಕದ ಮನೆ, ಗ ಅಲ್ಲಿಂದ ಮೂರನೇ ಮನೆ. ಗಂಟಲು ಈ ದೂರವನ್ನು ನೂರು ಸಲ ಅಳೆದ ಮೇಲೆ ‘ಶುದ್ಧ ರಿಷಭ’, ‘ಅಂತರ ಗಾಂಧಾರ’ ಅಂದರೆ ಹೆಸರು ಕೂರುತ್ತದೆ. ಮೊದಲೇ ಹೇಳಿದರೆ ಅದು ಕಾಣದ ಊರಿನ ಹೆಸರು. ಆದಿತಾಳವೂ ಹಾಗೇ. ಒಂದು ತಟ್ಟು, ಮೂರು ಬೆರಳು, ಆಮೇಲೆ ಎರಡು ಸಲ ತಟ್ಟಿ ತಿರುವು, ಒಟ್ಟು 8 ಅಕ್ಷರ, ಅಂದರೆ 8 ಎಣಿಕೆ. ತಾಳದ ಈ ಭಾಗಗಳಿಗಿರುವ ಲಘು, ದ್ರುತ ಅನ್ನೋ ಪದ ಕೇಳದ ಮಕ್ಕಳೂ ತೊಡೆ ಮೇಲೆ ಸಲೀಸಾಗಿ ಹಾಕುತ್ತಾರೆ. ಅದೂ ಥಿಯರಿನೇ ಅಲ್ವಾ, ಕೈಯಲ್ಲಿದೆ ಅಷ್ಟೇ.

ತಪ್ಪು ತಿಳಿಯಬೇಡಿ, ಶಾಸ್ತ್ರವೇ ಬೇಡ ಅನ್ನುತ್ತಿಲ್ಲ. ಪರೀಕ್ಷೆ ಕಟ್ಟುವವರು ಓದಲೇಬೇಕು. ಕಲ್ಪನಾಸ್ವರದ, ಅಂದರೆ ಸ್ವರಗಳನ್ನು ಆಗಿಂದಾಗಲೇ ಹೊಸೆದು ಹಾಡುವ ಹೊತ್ತಿಗೆ ಅದಿಲ್ಲದೆ ಕಷ್ಟ. ಕೆಲವರಿಗೆ ಲೆಕ್ಕ ತಿಳಿದರೇನೇ ಧೈರ್ಯ ಬರುತ್ತದೆ, ಅಂಥವರನ್ನು ನಾನು ಜಾಸ್ತಿ ತಡೆಯುವುದಿಲ್ಲ.

ಚಾರ್ಟಿನವರಿಗೆ ಮೂರು ವಾರ ಬರೀ ‘ಸ’ ಹಾಡಿಸಿದೆ. ಮುಖ ಸಪ್ಪಗಾಗಿತ್ತು, ಆದರೂ ಒಂದು ದಿನ ತಪ್ಪಿಸಲಿಲ್ಲ, ಪಾಪ. ನಾಲ್ಕು ತಿಂಗಳಾದ ಮೇಲೆ ಒಂದು ಸಂಜೆ ಹಾಡುತ್ತಾ ಹಾಡುತ್ತಾ ನಿಲ್ಲಿಸಿದರು. ‘ಮೇಡಂ, ಕೆಳಗೆ ಸ ರಿ ಗ ಮ ಹೆಂಗಿದೆಯೋ ಮೇಲೆ ಪ ದ ನಿ ಸ ಹಂಗೇ ಇದೆ ಅಲ್ವಾ?’

ಅದು ಅವರ ಚಾರ್ಟಿನಲ್ಲೇ ಇತ್ತು. ನಾನು ಹೇಳಲಿಲ್ಲ.