ಟಾಪ್ ಕ್ವಾರ್ಕ್ ಯಾಕಿಷ್ಟು ಭಾರ?

ಧಾರವಾಡದಲ್ಲಿ ಬಿ.ಎಸ್ಸಿ. ಹುಡುಗರಿಗೆ ಕಣಭೌತವಿಜ್ಞಾನ ಹೇಳುವಾಗ ಬೋರ್ಡಿನ ಮೇಲೆ ನಾನು ಮೊದಲು ಬರೆಯುವುದು ಕ್ವಾರ್ಕ್‌ಗಳ, ಅಂದರೆ ಪ್ರೋಟಾನ್, ನ್ಯೂಟ್ರಾನ್‌ಗಳಂಥವು ಆಗಿರುವ ಮೂಲಕಣಗಳ, ದ್ರವ್ಯರಾಶಿ. ಅಪ್, ಚಾರ್ಮ್, ಟಾಪ್ ಒಂದೇ ಬಗೆಯ ಕ್ವಾರ್ಕಿನ ಮೂರು ಪೀಳಿಗೆಗಳು; ಮೂರಕ್ಕೂ ವಿದ್ಯುದಾವೇಶ ಒಂದೇ. ತೂಕದಲ್ಲಿ ಮಾತ್ರ ಅಜಗಜಾಂತರ. ಅಪ್ ಕ್ವಾರ್ಕ್ ಒಂದು ಗ್ರಾಂ ತೂಗುವ ಬ್ಯಾಡಗಿ ಮೆಣಸಿನಕಾಯಿ ಎಂದುಕೊಂಡರೆ ಟಾಪ್ ಸುಮಾರು 80 ಕಿಲೋ. ‘ಹಿಂಗ್ಯಾಕ್ರೀ ಸರ್?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಬೇಕಾದದ್ದೇ. ಮೂಲಕಣಗಳನ್ನು ವಿವರಿಸುವ ಈಗಿನ ಸಿದ್ಧಾಂತವಾದ ಸ್ಟ್ಯಾಂಡರ್ಡ್ ಮಾಡೆಲ್ ಇದಕ್ಕೆ ಕಾರಣ ಹೇಳುವುದಿಲ್ಲ. ಅಳೆದು ಸಿಕ್ಕ ಸಂಖ್ಯೆಗಳನ್ನು ತುಂಬಿಕೊಳ್ಳುತ್ತದೆ, ಅಷ್ಟೆ.

1979ರಲ್ಲಿ ಭೌತವಿಜ್ಞಾನಿಗಳಾದ ಫ್ರಾಗಟ್ ಮತ್ತು ನೀಲ್ಸನ್ ಒಂದು ದಾರಿ ತೋರಿಸಿದರು. ಕ್ವಾರ್ಕ್‌ಗಳಿಗೆ ‘ಫ್ಲೇವರ್’ ಆವೇಶವೊಂದಿದೆ, ಅದು ಪೀಳಿಗೆಯಿಂದ ಪೀಳಿಗೆಗೆ ಬೇರೆ. ಅದರ ಹಿಂದಿನ ಸಮಮಿತಿ (ಬದಲಾವಣೆ ಮಾಡಿದರೂ ನಿಯಮ ಹಾಗೇ ಉಳಿಯುವ ಗುಣ) ಅತಿ ಹೆಚ್ಚಿನ ಶಕ್ತಿಯಲ್ಲೇ ಮುರಿದಿದೆ. ಆವೇಶ ಹೆಚ್ಚಿದಷ್ಟೂ ದ್ರವ್ಯರಾಶಿಯನ್ನು ಸುಮಾರು 0.2ರಿಂದ ಮತ್ತೆ ಮತ್ತೆ ಗುಣಿಸಬೇಕಾಗುತ್ತದೆ. ಕಾಗದ ತೆಗೆದುಕೊಂಡು ಮಾಡಿ ನೋಡಿ: ಏಳು 0.2ಗಳನ್ನು ಗುಣಿಸಿದರೆ 78,125ರಲ್ಲಿ ಒಂದು ಪಾಲು. ಅಪ್–ಟಾಪ್ ಅಂತರ ಹೆಚ್ಚುಕಡಿಮೆ ಅಷ್ಟೇ!

ಇನ್ನೊಂದು ಒಗಟು ನ್ಯೂಟ್ರಾನಿನದು. ಕ್ವಾರ್ಕ್‌ಗಳನ್ನು ಹಿಡಿದಿಡುವ ಪ್ರಬಲ ಬಲದ ಸಮೀಕರಣದಲ್ಲಿ ಥೀಟಾ ಎಂಬ ಕೋನವಿದೆ. ಅದು ಸೊನ್ನೆಯಲ್ಲದಿದ್ದರೆ ನ್ಯೂಟ್ರಾನಿನೊಳಗೆ ಧನ, ಋಣ ಆವೇಶಗಳು ತುಸು ಸರಿದು ನಿಲ್ಲಬೇಕು. ಯಾವ ಪ್ರಯೋಗಕ್ಕೂ ಅದು ಕಂಡಿಲ್ಲ. ಆ ಕೋನ ಸಾವಿರ ಕೋಟಿಯಲ್ಲಿ ಒಂದು ಪಾಲಿಗಿಂತ ಹೆಚ್ಚಿರಲಾರದು. 1977ರಲ್ಲಿ ಪೆಚ್ಚೈ ಮತ್ತು ಕ್ವಿನ್ ಹೊಸ ಸಮಮಿತಿಯೊಂದನ್ನು ಸೂಚಿಸಿದರು. ಅದಿದ್ದರೆ ಕೋನ ತಾನಾಗಿ ಸೊನ್ನೆಗೆ ಇಳಿಯುತ್ತದೆ. ಜೊತೆಗೊಂದು ಹಗುರ ಕಣ ಇರಲೇಬೇಕೆಂದು ಮರುವರ್ಷ ವೈನ್‌ಬರ್ಗ್, ವಿಲ್ಚೆಕ್ ಕಂಡುಕೊಂಡರು. ಅದೇ ಆಕ್ಸಿಯಾನ್.

ಈ ಎರಡು ಸಮಮಿತಿ ಒಂದೇ ಆಗಿದ್ದರೆ? ಈ ನಂಟನ್ನು ವಿಲ್ಚೆಕ್ 1982ರಲ್ಲೇ ಎತ್ತಿದ್ದರು. 2016ರಲ್ಲಿ ಎರಡು ತಂಡಗಳು ಫ್ರಾಗಟ್–ನೀಲ್ಸನ್ ಸಮಮಿತಿಯಿಂದಲೇ ಆಕ್ಸಿಯಾನ್ ಹುಟ್ಟುವ ಮಾದರಿ ಕಟ್ಟಿದವು. ಇದನ್ನು ಪರೀಕ್ಷೆಗೆ ಒಡ್ಡಬಹುದು ಎಂಬುದೇ ನನಗೆ ದೊಡ್ಡ ಸಂಗತಿ. ಪೀಳಿಗೆಗೊಂದು ಬಗೆಯಲ್ಲಿ ವರ್ತಿಸುವ ಆಕ್ಸಿಯಾನ್, ಸ್ಟ್ರೇಂಜ್ ಕ್ವಾರ್ಕನ್ನು ಡೌನ್ ಕ್ವಾರ್ಕ್ ಆಗಿ ಬದಲಿಸಬಲ್ಲದು. ಆಗ ಸ್ಟ್ರೇಂಜ್ ಬಗೆಯ ಕ್ವಾರ್ಕ್ ಇರುವ ಕೇಯಾನ್ ಕಣವೊಂದು ಒಡೆದು, ಅದಕ್ಕಿಂತ ಹಗುರವಾದ ಪಯಾನ್ ಕಣ ಕಾಣಿಸುತ್ತದೆ, ಆಕ್ಸಿಯಾನ್ ಕಾಣದೆ ಹೋಗುತ್ತದೆ.

ಜಿನೀವಾ ಬಳಿಯ ಕಣಭೌತ ಪ್ರಯೋಗಾಲಯ ಸರ್ನ್‌ನ ಎನ್‌ಎ62 ಪ್ರಯೋಗದವರು ಕೇಯಾನ್ ಒಡೆದು ಒಂದು ಪಯಾನ್, ಎರಡು ನ್ಯೂಟ್ರಿನೊ (ಉಪಕರಣಕ್ಕೆ ಸಿಗದೆ ಹೋಗುವ ಅತಿ ಹಗುರ ಕಣ) ಆಗುವ ಅಪರೂಪದ ಘಟನೆಗಳನ್ನು ಹೆಕ್ಕುತ್ತಾರೆ: ಹತ್ತು ಸಾವಿರ ಕೋಟಿ ಕೇಯಾನ್‌ಗಳಲ್ಲಿ ಸುಮಾರು 13. ನ್ಯೂಟ್ರಿನೊಗಳು ಶಕ್ತಿಯನ್ನು ಹೇಗೆ ಬೇಕಾದರೂ ಹಂಚಿಕೊಳ್ಳುವುದರಿಂದ ಪಯಾನಿನ ವೇಗ ಸಲಕ್ಕೊಂದು ಥರ. ಆಕ್ಸಿಯಾನ್ ಒಂದೇ ಹೊರಬಿದ್ದರೆ, ನಿಂತ ಕೇಯಾನಿನ ಲೆಕ್ಕದಲ್ಲಿ ಪಯಾನ್ ಪ್ರತಿ ಸಲವೂ ಅದೇ ವೇಗದಲ್ಲಿ ಹೊರಡಬೇಕು. ನಕ್ಷೆಯ ಒಂದೇ ಜಾಗದಲ್ಲಿ ಚೂಪಾದ ಶಿಖರ ಏಳಬೇಕು. ಇದುವರೆಗೆ ಎದ್ದಿಲ್ಲ. ಸಮಮಿತಿ ಮುರಿದ ಶಕ್ತಿ ಹೆಚ್ಚಿದಷ್ಟೂ ಆಕ್ಸಿಯಾನ್ ಹುಟ್ಟುವುದು ಅಪರೂಪ. ಹಾಗಾಗಿ ಇಂಥ ಸಮಮಿತಿ ಇದ್ದರೂ ಅದು ಮುರಿದದ್ದು ಸರ್ನ್‌ನ ದೈತ್ಯ ಕಣವೇಗವರ್ಧಕ ಎಲ್‌ಎಚ್‌ಸಿಯ ಘರ್ಷಣೆಗಳಿಗಿಂತ ಲಕ್ಷಾಂತರ ಪಟ್ಟು ಹೆಚ್ಚಿನ ಶಕ್ತಿಯಲ್ಲಿ. ಅಷ್ಟು ಶಕ್ತಿಯ ಯಂತ್ರ ಕಟ್ಟುವುದು ಆಗದ ಮಾತು. ಇನ್ನಷ್ಟು ಕೇಯಾನ್ ಎಣಿಸುವುದು ಆಗುವ ಕೆಲಸ.