ಒದ್ದೆ ಕಲ್ಲು, ಒಣ ಕಲ್ಲು

ಶಹಾಬಾದ್‌ನಲ್ಲಿ ನನ್ನ ಅಕ್ಕನ ಮನೆಯ ಅಂಗಳಕ್ಕೆ ಅದೇ ಊರಿನ ಕಲ್ಲು ಹಾಸಿದೆ. ಕಲಬುರಗಿ ಕಡೆ ನಾವು ಪರ್ಶಿ ಅಂತೀವಿ. ಭೀಮಾ ಸೀಮೆಯ ನೆಲದಡಿ ಪದರು ಪದರಾಗಿ ಸಿಗುವ ಸುಣ್ಣಕಲ್ಲು ಅದು. ಒಣಗಿದ್ದಾಗ ಬೂದು ಬಣ್ಣ, ನೀರು ಬಿದ್ದರೆ ಕಪ್ಪು. ಅಂಗಳದಲ್ಲಿ ಎಂಟು ಸಾಲು, ಸಾಲಿಗೆ ಎಂಟು ಚೌಕ ಕಲ್ಲು. ಒಂದು ಮೂಲೆಯ ಕಲ್ಲಿನ ಮೇಲೆ ತುಳಸಿ ಕುಂಡ. ಓರೆಯಾಗಿ ಅದರ ಎದುರಿನ ಮೂಲೆಯಲ್ಲಿ ನೀರಿನ ಹರವಿ. ಉಳಿದದ್ದು 62 ಕಲ್ಲು.

ಅಕ್ಕನ ಮಗಳು ಕಂಪ್ಯೂಟರ್ ಸೈನ್ಸ್ ಓದುತ್ತಾಳೆ. ಡಿಸ್ಕ್ರೀಟ್ ಮ್ಯಾಥ್ಸ್, ಅಂದರೆ ಬಿಡಿಬಿಡಿಯಾಗಿ ಎಣಿಸಬಹುದಾದವುಗಳ ಗಣಿತ, ಯಾಕೆ ಬೇಕು, ಪ್ರೋಗ್ರಾಂ ಬರೆಯೋಕೆ ಬಂದರೆ ಸಾಲದೇ ಅಂತ ಅವಳ ತಕರಾರು. ಮೇ ತಿಂಗಳ ಒಂದು ಸಂಜೆ, ಅಂಗಳಕ್ಕೆ ನೆರಳು ಬಿದ್ದ ಮೇಲೆ, ಹಳೇ ಪೆಟ್ಟಿಗೆಯ ರಟ್ಟು ಕತ್ತರಿಸಿ 31 ತುಂಡು ಮಾಡಿ ಕೊಟ್ಟೆ. ಒಂದೊಂದು ತುಂಡು ಅಕ್ಕಪಕ್ಕದ ಎರಡು ಕಲ್ಲನ್ನು ಸರಿಯಾಗಿ ಮುಚ್ಚುತ್ತದೆ. 31 ತುಂಡು, 62 ಕಲ್ಲು. ಲೆಕ್ಕ ಕೂಡುತ್ತದೆ ಅಲ್ವಾ? ಹಾಗಾದರೆ ಪೂರ್ತಿ ಮುಚ್ಚು ಅಂದೆ.

ಅಡ್ಡ ಇಟ್ಟಳು, ಉದ್ದ ಇಟ್ಟಳು, ತೆಗೆದು ಮತ್ತೆ ಇಟ್ಟಳು. "ಮಾಮಾ, ಎಷ್ಟ್ ಸಲ ಹಾಕಿದ್ರೂ ಎರಡು ಕಲ್ಲು ಉಳಿತಾವ್ ನೋಡ್ರಿ" ಅಂದಳು. ಪ್ರೋಗ್ರಾಂ ಬರೆದು ಎಲ್ಲ ರೀತಿಯಲ್ಲೂ ಇಟ್ಟು ನೋಡಿದರೆ ಆಯ್ತು ಅನ್ನೋದು ಅವಳ ಮುಂದಿನ ಮಾತು. ನೋಡಬಹುದು. ಆದರೆ ಕುಂಡ, ಹರವಿ ಎರಡನ್ನೂ ತೆಗೆದು ಖಾಲಿ 64 ಕಲ್ಲನ್ನು ಮುಚ್ಚುವುದಕ್ಕೇ 1,29,88,816 ಬೇರೆ ಬೇರೆ ದಾರಿಗಳಿವೆ. ಅಂಗಳ ಇಪ್ಪತ್ತಕ್ಕೆ ಇಪ್ಪತ್ತಾದರೆ ಒಂದೊಂದಾಗಿ ಇಟ್ಟು ನೋಡುವ ಪ್ರೋಗ್ರಾಂ ಮುಗಿಯುವುದನ್ನು ಕಾಯಲು ಯಾರಿಂದಲೂ ಆಗದು.

ಬಕೆಟ್‌ನಲ್ಲಿ ಅರಿವೆ ಅದ್ದಿ ಕೊಟ್ಟೆ. ಒಂದು ಕಲ್ಲು ಬಿಟ್ಟು ಒಂದು ಕಲ್ಲು ಒರೆಸುತ್ತ ಹೋಗು, ಮುಂದಿನ ಸಾಲಿನಲ್ಲಿ ಅದನ್ನೇ ಅದಲುಬದಲು ಮಾಡು ಅಂದೆ. ಬಿಸಿ ಕಲ್ಲು, ಬೇಗ ಆರುತ್ತದೆ. ಅವಳು ಓಡಾಡಿಯೇ ಒರೆಸಿದಳು. ಅಂಗಳ ಚದುರಂಗದ ಮಣೆಯಾಯಿತು. ಈಗ ಎಣಿಸು ಅಂದೆ. ಒಣ ಕಲ್ಲು 32. ಒದ್ದೆ ಕಲ್ಲು 30. ಕುಂಡದ ಕಲ್ಲು, ಹರವಿಯ ಕಲ್ಲು ಎರಡೂ ಒದ್ದೆಯ ಪಾಲಿನವು; ಅವೇ ಹೋಗಿವೆ.

ರಟ್ಟಿನ ತುಂಡು ಎಲ್ಲಿ ಹೇಗೇ ಬೀಳಲಿ, ಅದರಡಿ ಒಂದು ಒದ್ದೆ, ಒಂದು ಒಣ. ಬೇರೆ ಥರ ಬೀಳೋಕೇ ಸಾಧ್ಯವಿಲ್ಲ. 30 ತುಂಡು ಇಡುವಷ್ಟರಲ್ಲಿ ಒದ್ದೆ ಕಲ್ಲು ಖಾಲಿ. ಉಳಿದ ಎರಡೂ ಒಣ ಕಲ್ಲೇ, ಒಂದೇ ಬಣ್ಣದವು ಪಕ್ಕಪಕ್ಕ ಇರುವುದೇ ಇಲ್ಲ. ಮುಗಿಯಿತು. ಒಂದೇ ಒಂದು ರಟ್ಟು ಇಡದೆ ಕೋಟಿಗಟ್ಟಲೆ ದಾರಿಗಳನ್ನು ಒಟ್ಟಿಗೇ ಮುಚ್ಚಿಬಿಟ್ಟಂತಾಯಿತು. ನನಗೆ ಡಿಸ್ಕ್ರೀಟ್ ಮ್ಯಾಥ್ಸ್ ಮೇಲೆ ಇಷ್ಟು ಪ್ರೀತಿ ಇರುವುದೇ ಇದಕ್ಕೆ.

ಇಲ್ಲಿ ಕೆಲಸ ಮಾಡಿದ್ದು ಬದಲಾಗದ ಒಂದು ಸಂಗತಿ. ಎಷ್ಟು ತುಂಡು ಇಟ್ಟರೂ ಉಳಿದ ಒಣ ಕಲ್ಲು, ಉಳಿದ ಒದ್ದೆ ಕಲ್ಲಿಗಿಂತ ಎರಡು ಜಾಸ್ತಿಯೇ. ಇದಕ್ಕೆ ಇನ್ವೇರಿಯಂಟ್ ಅಂತಾರೆ. ಪ್ರೋಗ್ರಾಂ ಬರೆಯುವಾಗಲೂ ಲೂಪ್, ಅಂದರೆ ಮತ್ತೆ ಮತ್ತೆ ನಡೆಯುವ ಭಾಗ, ಎಷ್ಟು ಸುತ್ತು ತಿರುಗಿದರೂ ಕೆಡದ ಮಾತು ಯಾವುದು ಅಂತ ಹುಡುಕುತ್ತೇವೆ. ಪ್ರೋಗ್ರಾಂ ಸರಿ ಇದೆ ಎಂದು ಸಾಬೀತು ಮಾಡಲು 1969ರಲ್ಲಿ ಬ್ರಿಟನ್ನಿನ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ ಕೊಟ್ಟ ನಿಯಮಗಳಲ್ಲಿ ಲೂಪಿನ ನಿಯಮ ನಿಂತಿರುವುದೇ ಇದರ ಮೇಲೆ.

ಈ ಒಗಟನ್ನು 1946ರಲ್ಲಿ ತತ್ವಶಾಸ್ತ್ರಜ್ಞ ಮ್ಯಾಕ್ಸ್ ಬ್ಲ್ಯಾಕ್ ಚದುರಂಗದ ಮಣೆಯ ಮೇಲೆ ಇಟ್ಟಿದ್ದರು. ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಟ್ಟಿದ ಜಾನ್ ಮೆಕಾರ್ಥಿ 1964ರಲ್ಲಿ ಇದನ್ನೇ ತಾವಾಗಿ ಸಾಬೀತು ಹುಡುಕುವ ಯಂತ್ರಗಳಿಗೆ ಸವಾಲಾಗಿ ಎಸೆದರು. ಸಮಸ್ಯೆಯಲ್ಲಿ ಬಣ್ಣದ ಮಾತೇ ಇಲ್ಲ. ಯಾವ ಕಲ್ಲಿನ ಪಕ್ಕ ಯಾವ ಕಲ್ಲು ಅನ್ನೋದಷ್ಟೇ ಕೊಟ್ಟರೆ ಯಂತ್ರಕ್ಕೆ ಒದ್ದೆ ಅರಿವೆ ಎಲ್ಲಿಂದ ಸಿಗಬೇಕು?

"ಹಂಗಾದ್ರ ಒಂದು ಒದ್ದೆ, ಒಂದು ಒಣ ತೆಗೆದ್ರ?" ಅಂತ ಅವಳೇ ಕೇಳಿದಳು. ಆಗ ಯಾವೆರಡು ತೆಗೆದರೂ ಉಳಿದದ್ದು ಮುಚ್ಚುತ್ತದೆ. ತೋರಿಸಿಕೊಟ್ಟವರು ಅಮೆರಿಕದ ಗಣಿತಜ್ಞ ರಾಲ್ಫ್ ಗೊಮೊರಿ. ಅವರ ಉಪಾಯ ನಮ್ಮ ಅಂಗಳದಲ್ಲಿ ಹೀಗೆ: ತುಳಸಿಯಿಂದ ಹೊರಟು ಗೋಡೆಗುಂಟ ಕೊನೆಯ ಸಾಲಿನವರೆಗೆ ಹೋಗಬೇಕು. ಆಮೇಲೆ ಗೋಡೆ ಪಕ್ಕದ ಆ ಪಟ್ಟಿಯನ್ನು ಬಿಟ್ಟು, ಹೊಲದಲ್ಲಿ ನೇಗಿಲು ಹೊಡೆದಂತೆ ಅಡ್ಡಡ್ಡ ಹೋಗಿ ಬಂದು ಮಾಡುತ್ತ ತಿರುಗಿ ತುಳಸಿಗೆ ಬರಬೇಕು. 64 ಕಲ್ಲೂ ಒಮ್ಮೊಮ್ಮೆ ತುಳಿದಂತಾಗುತ್ತದೆ. ದಾರಿಯುದ್ದಕ್ಕೂ ಒದ್ದೆ, ಒಣ, ಒದ್ದೆ, ಒಣ. ಈ ಸುತ್ತಿನಿಂದ ಒಂದು ಒದ್ದೆ, ಒಂದು ಒಣ ಕಲ್ಲು ಕಿತ್ತರೆ ನಡುವೆ ಉಳಿಯುವ ದಾರಿಯ ಎರಡೂ ತುಂಡುಗಳಲ್ಲಿ ಸಮಸಂಖ್ಯೆಯ ಕಲ್ಲುಗಳೇ ಇರುತ್ತವೆ. ದಾರಿ ಹಿಡಿದು ಎರಡೆರಡಾಗಿ ಮುಚ್ಚುತ್ತ ಹೋದರೆ ಆಯ್ತು, ಹಿಂದೆ ಬರಬೇಕಿಲ್ಲ. ಸಾಬೀತು ಮಾಡಿದ ರೀತಿಯೇ ಇಲ್ಲಿ ಪ್ರೋಗ್ರಾಂ. ಹಾಗೇ ಕೂತು ಪೈಥಾನ್‌ನಲ್ಲೋ ಸಿ ಭಾಷೆಯಲ್ಲೋ ಬರೆದುಬಿಡಬಹುದು.

ಅವಳು ಹರವಿಯನ್ನು ಕೊನೆಯ ಸಾಲಿನಲ್ಲೇ ಒಂದು ಕಲ್ಲು ಈಚೆಗೆ, ಗೋಡೆಯ ಕಡೆ ಸರಿಸಿದಳು. ಅಷ್ಟರಲ್ಲಿ ಅಂಗಳವೆಲ್ಲ ಆರಿ ಮತ್ತೆ ಬೂದಾಗಿತ್ತು, ಒದ್ದೆ ಯಾವುದು ಒಣ ಯಾವುದು ಕಾಣುತ್ತಿರಲಿಲ್ಲ. ತುಳಸಿಯಿಂದ ಹರವಿಯವರೆಗೆ 12 ಕಲ್ಲು, ಆರು ರಟ್ಟು. ಹರವಿ ದಾಟಿ ಸುತ್ತಿ ತುಳಸಿಗೆ ಬರುವಷ್ಟರಲ್ಲಿ 50 ಕಲ್ಲು, 25 ರಟ್ಟು. ಕೊನೆಯ ತುಂಡನ್ನು ಕುಂಡದ ಪಕ್ಕ ಇಟ್ಟು ಎದ್ದು ನಿಂತಳು, ಅರಿವೆ ಇನ್ನೂ ಅವಳ ಹೆಗಲ ಮೇಲಿತ್ತು.