ನ್ಯಾನೊ ಕಣಕ್ಕೆ ಹುಣ್ಣಿನ ವಿಳಾಸ ಗೊತ್ತಿಲ್ಲ

"ಡಾಕ್ಟ್ರೇ, ಸಿಗಡಿ ಚಿಪ್ಪಿನ ನ್ಯಾನೊ ಔಷಧಿ ಉಂಟಂತೆ. ಸೀದಾ ಹೊಟ್ಟೆಹುಣ್ಣಿಗೇ ಹೋಗಿ ಕೂರ್ತದಂತೆ. ಅದನ್ನೇ ಬರೆದುಕೊಡಿ." ಮಂಗಳೂರಿನ ನನ್ನ ಕ್ಲಿನಿಕ್‌ನಲ್ಲಿ ಈಗೀಗ ಈ ಬೇಡಿಕೆ ಜಾಸ್ತಿ.

ಸಿಗಡಿ ಚಿಪ್ಪಿನ ಮಾತು ನಿಜ. ಸಿಗಡಿ, ಏಡಿ ಚಿಪ್ಪಿನ ಕೈಟಿನ್‌ನಿಂದ ಕೈಟೊಸಾನ್ ತಯಾರಾಗುತ್ತದೆ. ಅದರ ಕಣ್ಣಿಗೆ ಕಾಣದಷ್ಟು ಸಣ್ಣ, ಅಂದರೆ ನ್ಯಾನೊ, ಕಣಗಳೊಳಗೆ ಅಮಾಕ್ಸಿಸಿಲಿನ್‌ನಂಥ ಆಂಟಿಬಯಾಟಿಕ್ ಔಷಧಿ ತುಂಬುತ್ತಾರೆ. ಆದರೆ ಕಣಕ್ಕೆ ಕಣ್ಣಿಲ್ಲ ಮಾರಾಯ್ರೆ, ಅದು ಹುಣ್ಣನ್ನು ಹುಡುಕುವುದಿಲ್ಲ. ಹೊಟ್ಟೆಯ ಆಮ್ಲದಲ್ಲಿ ಕೈಟೊಸಾನ್‌ಗೆ ಪ್ಲಸ್ ಚಾರ್ಜ್ ಬರುತ್ತದೆ. ಒಳಗೋಡೆಯ ಲೋಳೆಯದ್ದು ಮೈನಸ್. ಎರಡೂ ಅಂಟಿಕೊಳ್ಳುತ್ತವೆ, ಅಷ್ಟೇ. ಹುಣ್ಣಿದ್ದಲ್ಲೂ ಅಂಟುತ್ತದೆ, ಇಲ್ಲದಲ್ಲೂ ಅಂಟುತ್ತದೆ.

ಹಾಗಾದರೆ ಲಾಭ ಏನು? ಔಷಧಿ ಬೇಗ ಕರುಳಿಗೆ ಜಾರದೆ ಇನ್ನಷ್ಟು ಹೊತ್ತು ಅಲ್ಲೇ ಉಳಿಯಬಹುದು. ಹುಣ್ಣಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಅಡಗಿರುವುದೂ ಅದೇ ಲೋಳೆಯಲ್ಲಿ. ಆದರೆ ಲೋಳೆ ಕಳಚಿ ಹೊಸದು ಬರುತ್ತಲೇ ಇರುತ್ತದೆ, ಅಂಟಿದ ಕಣವೂ ಅದರೊಟ್ಟಿಗೆ ಹೋಗುತ್ತದೆ. ಮೇಲಾಗಿ ಕೈಟೊಸಾನ್ ಆಮ್ಲದಲ್ಲಿ ಕರಗುವ ವಸ್ತು. ಅದಕ್ಕೇ ಲ್ಯಾಬಿನವರು ಕಡಲಪಾಚಿಯ ಆಲ್ಜಿನೇಟ್ ಹೊದಿಸಿ ನೋಡುತ್ತಾರೆ. ಒಳ್ಳೆಯ ಕೆಲಸವೇ, ನನಗೂ ಆಸೆಯಿದೆ. ಆದರೆ ಬಹುಪಾಲು ಇನ್ನೂ ಲ್ಯಾಬಿನಲ್ಲೇ, ಇಲಿಗಳ ಮೇಲೇ ನಡೆಯುತ್ತಿದೆ.

ಮಲ್ಪೆ ಕಡೆಯ ಬೋಟ್ ಮಾಲೀಕರೊಬ್ಬರು ಆನ್‌ಲೈನ್‌ನಲ್ಲಿ ತರಿಸಿದ ಡಬ್ಬಿಯನ್ನೇ ಹಿಡಿದು ಬಂದರು. ಲೇಬಲ್ ಓದಿದೆ: ತೂಕ ಇಳಿಸುವ ಕೈಟೊಸಾನ್ ಪುಡಿ. ಅದರಲ್ಲಿ ನ್ಯಾನೊ ಇಲ್ಲ, ಔಷಧಿಯೂ ಇಲ್ಲ. ಅದನ್ನು ನಂಬಿ ಪೈಲೋರಿಯ 14 ದಿನದ ಕೋರ್ಸ್ ಅರ್ಧಕ್ಕೇ ಬಿಟ್ಟಿದ್ದರು. "ನೋವು ಹೋಯ್ತಲ್ಲ, ಮತ್ತೆ ಸುಮ್ನೆ ಯಾಕೆ?" ಎಂದರು. ನೋವು ಹೋಗುವುದು ಕೋರ್ಸಿನ ಮಾತ್ರೆಯಿಂದ ಆಮ್ಲ ಕಡಿಮೆಯಾದದ್ದಕ್ಕೆ. ಬ್ಯಾಕ್ಟೀರಿಯಾ ಸತ್ತಿದೆ ಅಂತಲ್ಲ. ಅರ್ಧಕ್ಕೆ ಬಿಟ್ಟರೆ ಉಳಿದದ್ದು ಮುಂದಿನ ಸಲ ಅದೇ ಆಂಟಿಬಯಾಟಿಕ್‌ಗೆ ಬಗ್ಗದೇ ಹೋಗಬಹುದು. ಜೊತೆಗೆ ಮೊಣಕಾಲು ನೋವಿಗೆ ದಿನಾ ಡೈಕ್ಲೋಫಿನಾಕ್ ಬೇರೆ! ಹುಣ್ಣು ಮಾಡುವ ಮಾತ್ರೆ ಒಳಗೆ ಹೋಗುತ್ತಲೇ ಇದ್ದರೆ ಯಾವ ನ್ಯಾನೊ ಏನು ಮಾಡೀತು?

ಬೇರೆ ಕೋರ್ಸ್ ಬರೆದುಕೊಟ್ಟೆ. ಮುಗಿದು ಕನಿಷ್ಠ 4 ವಾರ ಆದ ಮೇಲೆ ಮತ್ತೆ ಪರೀಕ್ಷೆ, ಆ ಪರೀಕ್ಷೆಗೂ 2 ವಾರ ಮೊದಲು ಆಮ್ಲ ಇಳಿಸುವ ಮಾತ್ರೆ ಒಮೆಪ್ರಜೋಲ್ ನಿಲ್ಲಿಸಬೇಕು ಎಂದು ಚೀಟಿಯ ಹಿಂದೆಯೇ ಬರೆದೆ. ಎಲ್ಲ ಕೇಳಿಸಿಕೊಂಡು ಡಬ್ಬಿಯನ್ನು ಜೋಪಾನವಾಗಿ ಚೀಲಕ್ಕೆ ಹಾಕಿಕೊಂಡರು. "ದುಡ್ಡು ಕೊಟ್ಟು ತಂದದ್ದಲ್ವಾ ಡಾಕ್ಟ್ರೇ, ಹೆಂಡತಿಗೆ ತೂಕ ಇಳಿಸಲಿಕ್ಕಾದರೂ ಆದೀತು."